ಹ್ಯಾಚ್‌ಬ್ಯಾಕ್ ಕಾರಿನ ಟಾಪಿಗೆ ಪೆಟ್ಟಾಗದಂತೆ ರೂಫ್ ಬಾರ್ ಕೂರಿಸುವ ಕ್ರಮ

ಕಾರಿನ ಟಾಪು ಹಾಳಾಗುವುದು ಮೇಲೆ ಹೇರಿದ ಭಾರದಿಂದ ಅಂತ ಸುಮಾರು ಜನ ನಂಬಿದ್ದಾರೆ. ಭಾರವೂ ಒಂದು ಕಾರಣ, ಹೌದು. ಆದರೆ ನಮ್ಮ ಉತ್ತರ ಕನ್ನಡದಲ್ಲಿ ಅದಕ್ಕಿಂತ ಜಾಸ್ತಿ ಹಾಳು ಮಾಡುವುದು ರೂಫ್ ಬಾರಿನ, ಅಂದರೆ ಸಾಮಾನು ಕಟ್ಟಲು ಟಾಪಿನ ಮೇಲೆ ಅಡ್ಡಲಾಗಿ ಕೂರಿಸುವ ಜೋಡಿ ಕಂಬಿಗಳ, ಕಾಲಿನ ಅಡಿಗೆ ಸಿಕ್ಕಿಕೊಂಡ ಮರಳು ಮತ್ತು ಕೆಂಪು ಧೂಳು. ಕಾರವಾರ, ಗೋಕರ್ಣದ ಕಡೆ ಸಮುದ್ರದ ಗಾಳಿಯಲ್ಲೇ ಉಪ್ಪು ಇರುತ್ತದೆ, ಸಣ್ಣ ಮರಳೂ ಇರುತ್ತದೆ. ಘಟ್ಟ ಹತ್ತಿ ಶಿರಸಿ, ಸಿದ್ದಾಪುರದ ಕಡೆ ಹೋದರೆ ತೋಟದ ದಾರಿಯ ಕೆಂಪು ಮಣ್ಣು. ಅದರ ಮೇಲೆಯೇ ರಬ್ಬರ್ ಪ್ಯಾಡ್ ಇಟ್ಟು ಬಿಗಿದು, ದೇವಿಮನೆ ಘಟ್ಟದ ತಿರುವುಗಳಲ್ಲಿ ಗಾಡಿ ಓಲಾಡುತ್ತಾ ಇಳಿದರೆ, ಪ್ಯಾಡು ತುಸು ಆಚೀಚೆ ಸರಿದರೂ ಸಾಕು, ಅಡಿಯ ಪೇಂಟ್ ಎಮರಿ ಪೇಪರಿನಲ್ಲಿ ಉಜ್ಜಿದ ಹಾಗೆ ಸವೆಯುತ್ತದೆ. ಸವೆದ ಜಾಗಕ್ಕೆ ಮಳೆಗಾಲದ ನೀರು ಸೇರಿದರೆ ತುಕ್ಕು ಹಿಡಿಯಲು ಹೆಚ್ಚು ಕಾಲ ಬೇಡ.

ಹಾಗಾಗಿ ಈ ಬರಹದಲ್ಲಿ ಬೋಲ್ಟ್ ಬಿಗಿಯುವ ಭಾಗ ಚಿಕ್ಕದು. ತೊಳೆಯುವುದು, ಅಳೆಯುವುದು, ಪರೀಕ್ಷೆ ಮಾಡುವುದು ದೊಡ್ಡದು. ಏಣಿ, ದೋಟಿ, ಕಯಾಕ್ (ಹುಟ್ಟು ಹಾಕುವ ಕಿರುದೋಣಿ), ಸರ್ಫ್‌ಬೋರ್ಡ್, ಮದುವೆ ಮನೆಗೆ ಹೊರಟಾಗ ಡಿಕ್ಕಿಯಲ್ಲಿ ಹಿಡಿಸದ ಬ್ಯಾಗು, ಏನೇ ಒಯ್ಯುವುದಿದ್ದರೂ ಕ್ರಮ ಒಂದೇ.

ನಿಮ್ಮ ಟಾಪು ಯಾವ ಬಗೆಯದು

ಮೊದಲು ಕಾರಿನ ಪಕ್ಕ ನಿಂತು ಟಾಪಿನ ಅಂಚು ನೋಡಿ. ಹಳೆ ಅಂಬಾಸಿಡರ್, ಪದ್ಮಿನಿ, ಓಮ್ನಿಗೆಲ್ಲ ಅಂಚಿನುದ್ದಕ್ಕೂ ಮಳೆನೀರು ಹರಿಯುವ ತಗಡಿನ ಕಾಲುವೆ ಇತ್ತು. ಕ್ಯಾರಿಯರಿನ ಕಾಲು ಅದರಲ್ಲೇ ಕೂರುತ್ತಿತ್ತು, ಟಾಪಿನ ಪೇಂಟಿಗೆ ತಾಗುತ್ತಲೇ ಇರಲಿಲ್ಲ. ಈಗಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಆ ಕಾಲುವೆ ಇಲ್ಲ. ಹೆಚ್ಚಿನವು ಬೋಳು ಟಾಪು. ಇವುಗಳಲ್ಲಿ ಬಾರಿನ ಕಾಲು ಬಾಗಿಲಿನ ಮೇಲಿನ ಅಂಚಿನ ಹತ್ತಿರ ಟಾಪಿನ ಮೇಲೆ ಕೂರುತ್ತದೆ. ಒಂದು ಲೋಹದ ಕೊಕ್ಕೆ ಬಾಗಿಲು ಮುಚ್ಚುವ ಚೌಕಟ್ಟಿನ ಅಂಚನ್ನು ಕೆಳಗಿನಿಂದ ಹಿಡಿಯುತ್ತದೆ. ಈ ಬರಹ ಮುಖ್ಯವಾಗಿ ಇಂಥ ಕಾರುಗಳಿಗೆ.

ಕೆಲವು ಹ್ಯಾಚ್‌ಬ್ಯಾಕ್‌ಗಳಿಗೆ ಮೇಲೆ ಉದ್ದುದ್ದ ರೇಲ್ ಇರುತ್ತದೆ. ಅದನ್ನು ನೋಡಿ ಖುಷಿಪಡುವ ಮೊದಲು ಕೈಪಿಡಿ ತೆರೆಯಿರಿ. ಎಷ್ಟೋ ಮಾದರಿಗಳಲ್ಲಿ ಅದು ಬರೀ ಅಲಂಕಾರದ ಪ್ಲಾಸ್ಟಿಕ್, ಅಂಟು ಮತ್ತು ಕ್ಲಿಪ್ಪಿನ ಮೇಲೆ ನಿಂತಿರುತ್ತದೆ. ಅದಕ್ಕೆ ಬಾರ್ ಕಟ್ಟಿದರೆ ಸಾಮಾನಿನ ಜೊತೆ ರೇಲೂ ಕಿತ್ತು ಬರುತ್ತದೆ. ಭಾರ ಹೊರುವ ರೇಲ್ ಆದರೆ ಕೈಪಿಡಿಯಲ್ಲಿ ಎಷ್ಟು ಕಿಲೋ ಅಂತ ಬರೆದೇ ಇರುತ್ತದೆ.

ಸನ್‌ರೂಫ್ ಇದ್ದರೆ ಅದು ಮೇಲಕ್ಕೆ ಓರೆಯಾಗಿ ತೆರೆಯುತ್ತದೆಯೇ ನೋಡಿಕೊಳ್ಳಿ. ಬಾರ್ ಕೂರಿಸಿದ ಮೇಲೆ ಮಗು ಸುಮ್ನೆ ಗುಂಡಿ ಒತ್ತಿದರೂ ಗಾಜು ಬಾರಿಗೆ ಹೊಡೆಯಬಹುದು.

ಎಷ್ಟು ಭಾರ ತಡೆಯುತ್ತದೆ

ಟಾಪಿನ ತಗಡು ಒಂದು ಮಿಲಿಮೀಟರಿಗಿಂತ ತೆಳು. ಬಲ ಇರುವುದು ಅಂಚಿನಲ್ಲಿ, ಕಂಬಗಳು ಬಂದು ಸೇರುವ ಕಡೆ. ನಡುವೆ ಕೈ ಊರಿ ಒತ್ತಿದರೂ ತಗ್ಗುತ್ತದೆ. ಅದಕ್ಕೇ ಬಾರಿನ ಕಾಲು ಯಾವತ್ತೂ ಅಂಚಿನಲ್ಲೇ ಇರಬೇಕು, ನಡುವಿಗೆ ಸರಿಯಬಾರದು.

ಸಣ್ಣ ಕಾರುಗಳಿಗೆ ಕಂಪನಿಗಳು ಸಾಮಾನ್ಯವಾಗಿ ಕೊಡುವ ಮಿತಿ 50ರಿಂದ 75 ಕೆ.ಜಿ ಒಳಗೆ. ನಿಮ್ಮ ಗಾಡಿಯ ಅಂಕಿ ನಿಮ್ಮ ಕೈಪಿಡಿಯಲ್ಲಿದೆ, ಅದೇ ಕೊನೆಯ ಮಾತು. ಟಾಪಿನ ಮೇಲೆ ಏನೂ ಹೇರಬೇಡಿ ಅಂತ ಬರೆದಿದ್ದರೆ ಬಾರ್ ಕೊಳ್ಳುವುದೇ ಬೇಡ. ಬಾರಿನ ಸ್ವಂತ ತೂಕವೂ ಈ ಲೆಕ್ಕದಲ್ಲೇ ಬರುತ್ತದೆ. ಮಿತಿ 50 ಕೆ.ಜಿ, ಬಾರ್ ಜೋಡಿ 5 ಕೆ.ಜಿ ಆದರೆ ಸಾಮಾನಿಗೆ ಉಳಿಯುವುದು 45. ಅಂದರೆ ಒಂದು ಸಿಮೆಂಟ್ ಚೀಲವನ್ನೂ ಮೇಲೆ ಹಾಕುವ ಹಾಗಿಲ್ಲ, ಅಡಿಕೆ ಚೀಲವಂತೂ ಬೇಡವೇ ಬೇಡ. ಬಾರಿನ ಪೆಟ್ಟಿಗೆಯ ಮೇಲೆ 75 ಅಂತಲೋ 100 ಅಂತಲೋ ಇರಬಹುದು. ಅದು ಬಾರ್ ತಡೆಯುವ ಭಾರ, ನಿಮ್ಮ ಟಾಪು ತಡೆಯುವುದಲ್ಲ. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕು. ಹೊಂಡದ ಕಚ್ಚಾ ರಸ್ತೆಯಾದರೆ ಅದರಲ್ಲೂ ಮೂರನೇ ಒಂದು ಭಾಗ ಕಳೆಯಿರಿ. ತೋಟದ ಮನೆಗಳಿಗೆ ಹೋಗುವ ದಾರಿಗಳು ಹೇಗಿರುತ್ತವೆ ಅಂತ ನಮಗೆ ಗೊತ್ತೇ ಇದೆ, ಅಲ್ವಾ?

ಕೊಳ್ಳುವಾಗ

ಎಲ್ಲಾ ಕಾರಿಗೂ ಆಗುತ್ತದೆ ಅಂತ ಮಾರುವ ಬಾರ್‌ಗಳಿಂದ ದೂರ ಇರಿ. ಬೋಳು ಟಾಪಿನ ಬಾಗು ಒಂದೊಂದು ಕಾರಿಗೆ ಒಂದೊಂದು ತರ. ಪ್ಯಾಡ್ ಆ ಬಾಗಿಗೆ ಪೂರ್ತಿ ಕೂತರೆ ಮಾತ್ರ ಭಾರ ಹರಡಿಕೊಳ್ಳುತ್ತದೆ. ಇಲ್ಲದಿದ್ದರೆ ಪ್ಯಾಡಿನ ಒಂದು ಮೂಲೆ ಮಾತ್ರ ತಗಡಿಗೆ ಚುಚ್ಚಿಕೊಂಡು ಅಲ್ಲಿ ತಗ್ಗು ಬೀಳುತ್ತದೆ.

ಕಾರಿನ ಹೆಸರೊಂದೇ ಹೇಳಿದರೆ ಸಾಲದು. ಸ್ವಿಫ್ಟ್ ಅಂದರೆ ನಮ್ಮ ದೇಶದಲ್ಲೇ 2005, 2011, 2018, 2024ರಲ್ಲಿ ಬಂದ ನಾಲ್ಕು ಬೇರೆ ಬೇರೆ ಗಾಡಿ. ಐ20 ಕೂಡ 2008, 2014, 2020 ಅಂತ ಮೂರು. ಹೆಸರು ಒಂದೇ, ಟಾಪು ಬೇರೆ. ಆರ್‌ಸಿ ನೋಡಿ ತಯಾರಾದ ತಿಂಗಳು, ವರ್ಷ ಹೇಳಿ, ಅದಕ್ಕೇ ಅಂತ ಮಾಡಿದ ಫಿಟ್ಟಿಂಗ್ ಕಿಟ್ ಕೇಳಿ. ಕಿಟ್ ಅಂದರೆ ನಾಲ್ಕು ಪ್ಯಾಡ್, ನಾಲ್ಕು ಕೊಕ್ಕೆ, ಮತ್ತು ಅಳತೆ ಬರೆದ ಒಂದು ಹಾಳೆ. ಆ ಹಾಳೆ ಇಲ್ಲದ ಕಿಟ್ ತೆಗೆದುಕೊಳ್ಳಬೇಡಿ. ಕೊಕ್ಕೆಯ ಒಳಮೈಗೆ ರಬ್ಬರ್ ಅಥವಾ ಪ್ಲಾಸ್ಟಿಕ್ ಹೊದಿಕೆ ಇರಬೇಕು. ಬೋಲ್ಟ್ ಸ್ಟೇನ್‌ಲೆಸ್ ಆದರೆ ಕರಾವಳಿಗೆ ಒಳ್ಳೆಯದು.

ಡ್ರಿಲ್ ಮಾಡಿ ಕೂರಿಸಿಕೊಡುತ್ತೇವೆ ಅನ್ನುವವರಿಗೆ ಒಪ್ಪಲೇಬೇಡಿ. ತೂತು ಬಿದ್ದ ತಗಡಿಗೆ ನಮ್ಮ ಮಳೆಯಲ್ಲಿ ತುಕ್ಕು ಖಂಡಿತ. ಜೊತೆಗೆ ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಆ ಬ್ಯಾಗು ಮಡಚಿಕೊಂಡಿರುವುದು ಬಾಗಿಲಿನ ಮೇಲೆ, ಒಳಹೊದಿಕೆಯ ಹಿಂದೆ. ಸ್ಕ್ರೂ ಅಲ್ಲಿಗೇ ಹೋಗುತ್ತದೆ.

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ವಿವರಕ್ಕಿಂತ ಗಾಡಿ ಬೇರೆಯಾಗುವಂತೆ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ವೆಲ್ಡ್ ಮಾಡಿಸಿದ ಕ್ಯಾರಿಯರ್‌ಗೆ ಇದರಲ್ಲಿ ತೊಂದರೆ ಬರಬಹುದು. 2019ರ ತಿದ್ದುಪಡಿಯ ನಂತರ ಸಾಮಾನು ಮಿತಿ ಮೀರಿ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಚಾಚಿದ್ದರೆ ದಂಡ 20,000 ರೂಪಾಯಿ. ಬಿಚ್ಚಿ ತೆಗೆಯಬಹುದಾದ ಬಾರನ್ನೇ ಆರಿಸಿ. ಕಾರವಾರ, ಶಿರಸಿ ಅಥವಾ ಹೊನ್ನಾವರದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಒಂದು ಮಾತು ಕೇಳಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ.

ತೊಳೆಯುವುದೇ ಮುಖ್ಯ ಕೆಲಸ

ಬೆಳಿಗ್ಗೆ, ನೆರಳಲ್ಲಿ ಮಾಡಿ. ಬಿಸಿಲಿಗೆ ಕಾದ ತಗಡಿನ ಮೇಲೆ ಸೋಪಿನ ನೀರು ಕೂಡಲೇ ಒಣಗಿ ಕಲೆಯಾಗುತ್ತದೆ. ಮೊದಲು ಮುಟ್ಟದೆ ಬರೀ ನೀರು ಬಿಡಿ. ಪೈಪಿನಿಂದ, ಟಾಪಿನ ನಡುವಿನಿಂದ ಅಂಚಿಗೆ, ಮರಳೆಲ್ಲ ತಾನಾಗಿ ಇಳಿದು ಹೋಗುವ ತನಕ. ನೇರವಾಗಿ ಬಟ್ಟೆ ಹಾಕಿ ಒರೆಸಿದರೆ ಬಾರ್ ಕೂರಿಸುವ ಮೊದಲೇ ಗೀರು ಎದ್ದಿರುತ್ತದೆ. ಆಮೇಲೆ ಕಾರ್ ಶಾಂಪೂ ಮತ್ತು ಮೈಕ್ರೋಫೈಬರ್ ಬಟ್ಟೆ. ಪಾತ್ರೆ ತಿಕ್ಕುವ ಸೋಪು ಬೇಡ, ಅದು ವ್ಯಾಕ್ಸ್ ತೆಗೆದುಬಿಡುತ್ತದೆ.

ಈಗ ನಾಲ್ಕೂ ಬಾಗಿಲು ತೆರೆಯಿರಿ. ಎಲ್ಲರೂ ಮರೆಯುವ ಜಾಗ ಇದು. ಬಾಗಿಲಿನ ಚೌಕಟ್ಟಿನ ಮೇಲಂಚು, ರಬ್ಬರ್ ಬೀಡಿಂಗ್‌ನ ಸಂದು, ಇಲ್ಲೆಲ್ಲ ಕೆಂಪು ಧೂಳು ಗಟ್ಟಿಯಾಗಿ ಕೂತಿರುತ್ತದೆ. ಕೊಕ್ಕೆ ಹಿಡಿಯುವುದು ಸರಿಯಾಗಿ ಅಲ್ಲೇ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಬೇರೆ ನೀರಿನಲ್ಲಿ ಜಾಲಿಸಿ, ಮತ್ತೆ ಒರೆಸಿ. ಬಟ್ಟೆಗೆ ಕೆಂಪು ಹತ್ತದ ತನಕ ನಿಲ್ಲಿಸಬೇಡಿ. ತೆಂಗಿನ ಮರದ ಅಡಿ ಅಥವಾ ಹಲಸಿನ ಮರದ ಅಡಿ ನಿಲ್ಲುವ ಗಾಡಿಯಾದರೆ ಟಾಪಿನ ಮೇಲೆ ಅಂಟು, ಹಕ್ಕಿ ಹಿಕ್ಕೆಯ ಗಟ್ಟಿ ಚುಕ್ಕೆ ಇರುತ್ತವೆ. ಅವನ್ನು ಉಗುರಿನಿಂದ ಕೆರೆಯಬೇಡಿ, ಒದ್ದೆ ಬಟ್ಟೆ ಹತ್ತು ನಿಮಿಷ ಇಟ್ಟು ನೆನೆಸಿ ತೆಗೆಯಿರಿ. ಕೊನೆಗೆ ಬರಿಗೈಯಿಂದ ಸವರಿ ನೋಡಿ. ಕಣ್ಣಿಗೆ ಕಾಣದ ಕಣವೂ ಬೆರಳಿಗೆ ಗೊತ್ತಾಗುತ್ತದೆ.

ಕಾಲು ಕೂರುವ ನಾಲ್ಕು ಜಾಗಕ್ಕೆ ಪಾರದರ್ಶಕ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಹಚ್ಚುವುದು ನನ್ನ ಮಟ್ಟಿಗೆ ಕಡ್ಡಾಯ. ಪ್ಯಾಡಿಗಿಂತ ಎಲ್ಲಾ ಕಡೆ ಒಂದೆರಡು ಸೆಂ.ಮೀ ದೊಡ್ಡದಾಗಿ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಇಲ್ಲದಿದ್ದರೆ ಮೂಲೆಯಿಂದಲೇ ಏಳುತ್ತದೆ. ಹಚ್ಚುವ ಜಾಗದ ವ್ಯಾಕ್ಸ್ ಅನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಸೋಪಿನ ನೀರು ಚಿಮುಕಿಸಿ, ಫಿಲ್ಮ್ ಇಟ್ಟು ಸರಿಪಡಿಸಿ, ನೀರನ್ನು ನಡುವಿನಿಂದ ಹೊರಗೆ ತಳ್ಳಿ. ಒಂದೆರಡು ದಿನ ಒಣಗಲು ಬಿಡಿ, ಅದೇ ದಿನ ಬಾರ್ ಬಿಗಿಯಬೇಡಿ. ಕೊಕ್ಕೆ ಹಿಡಿಯುವ ಅಂಚಿಗೂ ಸಣ್ಣ ತುಂಡು ಹಚ್ಚಿ.

ಫಿಲ್ಮ್ ಬದಲು ಸೈಕಲ್ ಟ್ಯೂಬು, ಸ್ಪಂಜು, ಹಳೆ ಬಟ್ಟೆ ಮಡಚಿ ಇಡುವ ರೂಢಿ ಇದೆ. ಅದು ತಪ್ಪು. ದಪ್ಪ ಮೆತ್ತೆ ಭಾರಕ್ಕೆ ಅಮುಕಿಕೊಂಡು ಹೋಗುತ್ತದೆ, ಆಗ ಬಿಗಿದ ಬೋಲ್ಟು ಸಡಿಲ. ಬಟ್ಟೆಯಾದರೆ ನೀರು ಹಿಡಿದುಕೊಂಡು ಪೇಂಟಿಗೆ ಕಲೆ. ಟಾಪಿಗೆ ಇತ್ತೀಚೆಗೆ ಹೊಸದಾಗಿ ಪೇಂಟ್ ಹೊಡೆಸಿದ್ದರೆ ಫಿಲ್ಮೂ ಬೇಡ, ಬಾರೂ ಬೇಡ. ಒಂದೆರಡು ತಿಂಗಳು ಕಾಯಿರಿ. ಪೇಂಟ್ ಒಳಗಿನ ತನಕ ಗಟ್ಟಿಯಾಗಲು ಸಮಯ ಬೇಕು.

ಅಳತೆ

ಇಬ್ಬರು ಬೇಕು, ಆಚೆ ಒಬ್ಬರು ಈಚೆ ಒಬ್ಬರು. ಎರಡೂ ಕಡೆ ಗಟ್ಟಿ ಮಣೆ ಅಥವಾ ಸ್ಟೂಲ್ ಇಟ್ಟುಕೊಳ್ಳಿ. ಕೈಗಡಿಯಾರ, ಉಂಗುರ, ಬೆಲ್ಟಿನ ಬಕಲ್ ತೆಗೆದಿಡಿ. ಟಾಪಿನ ನಡುವೆ ತೊಳೆದು ಒಣಗಿಸಿದ ಹಳೆ ಪಂಚೆ ಹಾಸಿ. ಪಾನಾ, ಬೋಲ್ಟ್ ಯಾವುದನ್ನೂ ಟಾಪಿನ ಮೇಲೆ ಇಡುವ ಅಭ್ಯಾಸ ಬೇಡ.

ಕಿಟ್ಟಿನ ಹಾಳೆಯಲ್ಲಿ ಎರಡು ಮುಖ್ಯ ಅಳತೆ ಇರುತ್ತವೆ. ಮುಂದಿನ ಗಾಜಿನ ಮೇಲಂಚಿನಿಂದ ಮುಂದಿನ ಬಾರಿಗೆ ಎಷ್ಟು, ಅಲ್ಲಿಂದ ಹಿಂದಿನ ಬಾರಿಗೆ ಎಷ್ಟು ಅಂತ. ಈ ಎರಡನೆಯದು ಸಾಮಾನ್ಯವಾಗಿ 70 ಸೆಂ.ಮೀ ಆಸುಪಾಸು. ಎರಡೂ ಕಡೆ ಅಳೆದು ಮಾಸ್ಕಿಂಗ್ ಟೇಪ್ ಅಂಟಿಸಿ, ಗೆರೆ ಟೇಪಿನ ಮೇಲೆ ಎಳೆಯಿರಿ. ಪೇಂಟಿನ ಮೇಲೆ ಪೆನ್ನು ಬೇಡ. ಬಾರ್ ಅನ್ನು ಇನ್ನೂ ಸ್ವಲ್ಪ ಹಿಂದೆ ಹಾಕಿದರೆ ಚೆನ್ನ ಅಂತ ಕಣ್ಣಳತೆಯಲ್ಲಿ ಬದಲಾಯಿಸಬೇಡಿ. ಟಾಪಿನ ಬಾಗು ಅಲ್ಲಿ ಬೇರೆ, ಪ್ಯಾಡ್ ಕೂರುವುದಿಲ್ಲ.

ಹ್ಯಾಚ್‌ಬ್ಯಾಕ್‌ನ ಟಾಪು ಹಿಂದಕ್ಕೆ ಹೋಗುತ್ತಾ ಕಿರಿದಾಗುತ್ತದೆ. ಹಾಗಾಗಿ ಮುಂದಿನ ಬಾರಿನ ಕಾಲುಗಳ ಅಂತರ ಬೇರೆ, ಹಿಂದಿನದು ಬೇರೆ. ಪ್ಯಾಡುಗಳ ಮೇಲೆ ಮುಂದೆ, ಹಿಂದೆ, ಎಡ, ಬಲ ಅಂತ ಗುರುತು ಇರುತ್ತದೆ. ಕೆಳಗೆ ಇಟ್ಟುಕೊಂಡೇ ಜೋಡಿಸಿ, ಕಾಲುಗಳ ಅಂತರ ಬಾರಿನ ಮೇಲೇ ಹೊಂದಿಸಿಕೊಂಡು, ಆಮೇಲೆ ಎತ್ತಿ. ಟಾಪಿನ ಮೇಲೆ ಇಟ್ಟು ಎಳೆದಾಡಿ ಹೊಂದಿಸುವುದರಿಂದಲೇ ಅರ್ಧ ಗೀರು ಬೀಳುವುದು.

ಕೂರಿಸಿ ಬಿಗಿಯುವುದು

ಬಾಗಿಲುಗಳು ತೆರೆದಿರಲಿ. ಇಬ್ಬರೂ ಒಟ್ಟಿಗೆ ಬಾರನ್ನು ಎತ್ತಿ, ನೇರ ಮೇಲಿನಿಂದ, ಗುರುತಿನ ಮೇಲೆ ಇಳಿಸಿ. ಸರಿಸಬೇಕಾದರೆ ಪೂರ್ತಿ ಎತ್ತಿ ಮತ್ತೆ ಇಡಿ, ಎಳೆಯಬೇಡಿ. ಎರಡೂ ತುದಿ ಕಾರಿನಿಂದ ಒಂದೇ ಸಮ ಹೊರಗಿದೆಯೇ ಟೇಪಿನಲ್ಲಿ ಅಳೆಯಿರಿ. ಕೊಕ್ಕೆಯನ್ನು ಚೌಕಟ್ಟಿನ ಲೋಹದ ಅಂಚಿನ ಅಡಿಗೆ ಸಿಕ್ಕಿಸಿ. ಬೀಡಿಂಗ್ ಕೊಕ್ಕೆಯ ನಡುವೆ ಸಿಕ್ಕಿಕೊಳ್ಳಬಾರದು. ಬೆರಳಿನಿಂದ ಬೀಡಿಂಗ್ ಸರಿಸಿ ನೋಡಿ, ಕೊಕ್ಕೆ ಲೋಹಕ್ಕೆ ಚಪ್ಪಟೆಯಾಗಿ ತಾಗಿದೆ ಅಂತ ಖಾತ್ರಿಯಾದ ಮೇಲೆ ಮುಂದುವರಿಯಿರಿ.

ಮೊದಲು ಎರಡೂ ಬೋಲ್ಟು ಕೈಯಲ್ಲೇ ಬಿಗಿ. ನಂತರ ಅಲೆನ್ ಕೀಯಿಂದ ಎಡಗಡೆಯ ಬೋಲ್ಟಿಗೆ ಅರ್ಧ ಸುತ್ತು, ಬಲಗಡೆಯದಕ್ಕೆ ಅರ್ಧ ಸುತ್ತು, ಹೀಗೆ ಬದಲಾಯಿಸುತ್ತಾ ಹೋಗಿ. ಒಂದು ಕಡೆ ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಕಡೆಗೆ ಹೋದರೆ ಬಾರು ಆ ಕಡೆಗೆ ಎಳೆದುಕೊಳ್ಳುತ್ತದೆ, ಪ್ಯಾಡು ತಗಡಿನ ಮೇಲೆ ಜಾರುತ್ತದೆ. ನಡುನಡುವೆ ಎರಡೂ ತುದಿಯ ಅಳತೆ ಮತ್ತೆ ನೋಡಿ.

ಎಷ್ಟು ಬಿಗಿಯಬೇಕು? ಹೆಚ್ಚಿನ ಕಿಟ್‌ಗಳು ಕೇಳುವುದು 4ರಿಂದ 6 ನ್ಯೂಟನ್ ಮೀಟರ್, ನಿಖರ ಅಂಕಿ ಹಾಳೆಯಲ್ಲಿರುತ್ತದೆ. ಇದು ಬಹಳ ಕಡಿಮೆ ಬಲ. ಚಕ್ರದ ನಟ್ ಬಿಗಿಯುವ ಕೈಗೆ ಇದು ಸಡಿಲ ಅನಿಸುತ್ತದೆ. 10 ಸೆಂ.ಮೀ ಉದ್ದದ ಕೀಲಿಯ ತುದಿಗೆ ಸುಮಾರು 5 ಕಿಲೋ ತೂಕದಷ್ಟು ಒತ್ತಿದರೆ 5 ನ್ಯೂಟನ್ ಮೀಟರ್ ಆಯಿತು. ಕೆಲವು ಕಿಟ್ಟಿನ ಜೊತೆಗೇ ಸರಿಯಾದ ಬಲಕ್ಕೆ ಟಕ್ ಅನ್ನುವ ಕೀಲಿ ಬರುತ್ತದೆ, ಇದ್ದರೆ ಅದನ್ನೇ ಬಳಸಿ. ಉದ್ದ ಪೈಪು ಸಿಕ್ಕಿಸಿ ಒತ್ತುವುದಾಗಲಿ ಗ್ಯಾರೇಜಿನ ಗಾಳಿ ಗನ್ ಆಗಲಿ ಬೇಡವೇ ಬೇಡ. ಬಿಗಿ ಜಾಸ್ತಿಯಾದರೆ ಕೊಕ್ಕೆ ಚೌಕಟ್ಟಿನ ಅಂಚನ್ನು ಬಗ್ಗಿಸುತ್ತದೆ, ಟಾಪಿನ ಅಂಚು ತಗ್ಗುತ್ತದೆ, ಮುಂದೆ ಬಾಗಿಲೇ ಸರಿಯಾಗಿ ಮುಚ್ಚುವುದಿಲ್ಲ.

ಹಿಂದಿನ ಬಾರಿಗೂ ಇದೇ ಕ್ರಮ. ಮುಗಿದ ಮೇಲೆ ಕರ್ಣ ಅಳೆಯಿರಿ. ಮುಂದಿನ ಎಡಗಾಲಿನಿಂದ ಹಿಂದಿನ ಬಲಗಾಲಿಗೆ, ಮುಂದಿನ ಬಲಗಾಲಿನಿಂದ ಹಿಂದಿನ ಎಡಗಾಲಿಗೆ. ಎರಡೂ ಒಂದೇ ಬಂದರೆ ಬಾರುಗಳು ನೇರ ಕೂತಿವೆ.

ಹೊರಡುವ ಮೊದಲು ಪರೀಕ್ಷೆ

ಬಾಗಿಲುಗಳನ್ನು ನಿಧಾನ ಮುಚ್ಚಿ. ಮುಂಚಿಗಿಂತ ಜೋರು ಬೇಕಾಯಿತೇ? ಕೊಕ್ಕೆ ದಪ್ಪವಾಗಿ ತಡೆಯುತ್ತಿದೆ ಅಂತ ಅರ್ಥ. ಕೊಕ್ಕೆಯ ಹತ್ತಿರ ಬೀಡಿಂಗ್ ಮೇಲೆ ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ, ಎಳೆಯಿರಿ. ಆರಾಮಾಗಿ ಬಂದುಬಿಟ್ಟರೆ ಅಲ್ಲಿ ಸಂದು ಇದೆ. ಆಮೇಲೆ ಟಾಪಿನ ಮೇಲೆ ಪೈಪಿನಲ್ಲಿ ಐದು ನಿಮಿಷ ನೀರು ಬಿಡಿ, ಒಳಗೆ ಒಬ್ಬರು ಕೂತು ಮೇಲಿನ ಹೊದಿಕೆ ಮುಟ್ಟಿ ನೋಡಲಿ. ಜೂನ್ ತಿಂಗಳಲ್ಲಿ ದಾರಿ ಮಧ್ಯೆ ಗೊತ್ತಾಗುವುದಕ್ಕಿಂತ ಅಂಗಳದಲ್ಲೇ ಗೊತ್ತಾಗಲಿ.

ಡಿಕ್ಕಿ ಬಾಗಿಲನ್ನು ಕೈಯಲ್ಲಿ ಹಿಡಿದುಕೊಂಡೇ ಮೇಲೆತ್ತಿ. ಹ್ಯಾಚ್‌ಬ್ಯಾಕ್‌ನಲ್ಲಿ ಸ್ಪಾಯ್ಲರ್ (ಡಿಕ್ಕಿ ಬಾಗಿಲಿನ ಮೇಲಂಚಿನ ರೆಕ್ಕೆ) ಟಾಪಿಗಿಂತ ಮೇಲೆ ಬರುತ್ತದೆ, ಬಾರಿಗೋ ಹಿಂದೆ ಚಾಚಿದ ಸಾಮಾನಿಗೋ ತಾಗಬಹುದು. ಆಂಟೆನಾ ಬಿಚ್ಚಲು ಬರುವಂತಿದ್ದರೆ ಬಿಚ್ಚಿಡಿ. ಕೊನೆಗೆ ಬಾರನ್ನು ಕಾಲಿನ ಹತ್ತಿರ ಹಿಡಿದು ಅಲುಗಿಸಿ. ಇಡೀ ಕಾರು ಅಲುಗಬೇಕು, ಕಾಲು ಜಾಗ ಬಿಡಬಾರದು.

ಮೊದಲ ಓಡಾಟದಲ್ಲಿ ಸ್ವಲ್ಪ ದೂರ ಹೋಗಿ ನಿಲ್ಲಿಸಿ ಬೋಲ್ಟ್ ನೋಡುವುದು ಬಿಡಬೇಡಿ. ರಬ್ಬರ್ ಹೊಸದರಲ್ಲಿ ಕೂರುತ್ತದೆ, ಬಿಗಿ ಇಳಿಯುತ್ತದೆ. ಕುಮಟಾದಿಂದ ಶಿರಸಿಗೆ ಹೊರಟರೆ ಘಟ್ಟ ಶುರುವಾಗುವ ಮೊದಲು ಒಮ್ಮೆ, ಮೇಲೆ ಹತ್ತಿದ ಮೇಲೆ ಒಮ್ಮೆ. ಅಂಕೋಲೆಯಿಂದ ಯಲ್ಲಾಪುರಕ್ಕಾದರೆ ಅರಬೈಲು ಘಟ್ಟಕ್ಕೂ ಇದೇ ಮಾತು.

ಸಾಮಾನು ಕಟ್ಟುವಾಗ

ಭಾರವಾದದ್ದು ಡಿಕ್ಕಿಯೊಳಗೆ, ಹಗುರ ಮತ್ತು ಉದ್ದದ್ದು ಮೇಲೆ. ಭಾರ ಎರಡು ಬಾರಿಗೂ ಹಂಚಿರಲಿ. ಕತ್ತದ ಹಗ್ಗ ಪೇಂಟಿಗೆ ಒರಟು. ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ. ಪಾಲಿಯೆಸ್ಟರ್ ಪಟ್ಟಿ, ಬಕಲ್ ಇರುವುದು, ಎಲ್ಲಕ್ಕಿಂತ ಒಳ್ಳೆಯದು. ಬಕಲ್ ಟಾಪಿಗೆ ಬಡಿಯದಂತೆ ಅದರ ಅಡಿಗೆ ಬಟ್ಟೆ ಸುತ್ತಿ. ಪಟ್ಟಿಗೆ ಒಂದೆರಡು ತಿರುಚು ಹಾಕಿದರೆ ಗಾಳಿಗೆ ಗುಂಯ್‌ಗುಡುವುದಿಲ್ಲ.

ರ್‍ಯಾಚೆಟ್ ಪಟ್ಟಿ (ಹಿಡಿ ಆಡಿಸಿದಷ್ಟೂ ಬಿಗಿಯಾಗುವುದು) ಬಳಸುವಾಗ ಜಾಗ್ರತೆ. ಕಾರ್ಬನ್ ಫೈಬರ್ ದೋಟಿ ಟೊಳ್ಳು ಕೊಳವೆ, ಹಿಂಡಿದರೆ ಬಿರುಕು ಬಿಡುತ್ತದೆ. ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿ ಕೈಯ ಬಿಗಿಯಲ್ಲೇ ಕಟ್ಟಿ. ಪ್ಲಾಸ್ಟಿಕ್ ಕಯಾಕ್ ಬಿಸಿಲಿಗೆ ಮೆತ್ತಗಾಗಿ ತಗ್ಗಾಗುತ್ತದೆ. ಶರಾವತಿಯ ಕಡೆಗೋ ಕಾಳಿಯ ಕಡೆಗೋ ಕಯಾಕ್ ಒಯ್ಯುವಾಗ ಮೂಗಿನಿಂದ ಮುಂದಿನ ಬಂಪರಿನ ಕೊಂಡಿಗೆ ಒಂದು ಪಟ್ಟಿ, ಹಿಂದೆ ಒಂದು ಪಟ್ಟಿ ಇರಲೇಬೇಕು. ಘಟ್ಟ ಇಳಿಯುವಾಗ ಬ್ರೇಕ್ ಹಾಕಿದರೆ ಸಾಮಾನು ಮುಂದಕ್ಕೆ ನುಗ್ಗುತ್ತದೆ, ಹೊನ್ನಾವರದ ಸೇತುವೆಯಂಥ ಕಡೆ ಅಡ್ಡಗಾಳಿ ಅದನ್ನು ಪಕ್ಕಕ್ಕೆ ತಿರುಗಿಸಲು ನೋಡುತ್ತದೆ. ವೇಗ 80 ದಾಟದಿರಲಿ.

20 ಅಡಿಯ ಸ್ಪ್ರಿಂಕ್ಲರ್ ಪೈಪು ಮೇಲೆ ಕಟ್ಟಿಕೊಂಡು ಬರುವವರನ್ನು ನೋಡುತ್ತೇವೆ. ನಮ್ಮ ಹ್ಯಾಚ್‌ಬ್ಯಾಕ್‌ಗಳು ಬಹುತೇಕ 4 ಮೀಟರಿಗಿಂತ ಚಿಕ್ಕವು, ಅಂದರೆ 13 ಅಡಿ ಸುಮಾರು. ಉಳಿದ ಏಳು ಅಡಿ ಗಾಳಿಯಲ್ಲಿ. ತಿರುವಿನಲ್ಲಿ ಅದು ಹಿಂದಿನ ಬೈಕಿನವನ ಮುಖದ ಎತ್ತರದಲ್ಲಿ ತಿರುಗುತ್ತದೆ. ಅದಕ್ಕೆ ಪಿಕಪ್ ಕರೆಯಿರಿ.

ಉಪ್ಪು, ಮಳೆ ಮತ್ತು ಬಿಚ್ಚಿಡುವುದು

ಕೆಲಸ ಮುಗಿದ ಮೇಲೆ ಬಾರ್ ಬಿಚ್ಚಿ. ಖಾಲಿ ಬಾರೂ ಗಾಳಿಗೆ ತಡೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಕರಾವಳಿಯಲ್ಲಂತೂ ಪ್ಯಾಡಿನ ಅಡಿ ಉಪ್ಪುನೀರು ನಿಂತೇ ಇರುತ್ತದೆ. ಬಿಚ್ಚಲು ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ ಸಡಿಲಿಸಿ, ಎತ್ತಿ, ಸಿಹಿನೀರಲ್ಲಿ ತೊಳೆದು, ಒಣಗಿಸಿ ಮತ್ತೆ ಕೂರಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಾರ್ ಮನೆಯೊಳಗೆ ಇರುವುದೇ ಸರಿ.

ಅಲ್ಯುಮಿನಿಯಂ ಬಾರಿಗೆ ಸ್ಟೇನ್‌ಲೆಸ್ ಬೋಲ್ಟ್ ಇದ್ದರೆ ಉಪ್ಪುಗಾಳಿಯಲ್ಲಿ ಎರಡು ಲೋಹ ತಾಗಿದ ಕಡೆ ಬಿಳಿ ಪುಡಿ ಬಂದು ಬೋಲ್ಟ್ ಕಚ್ಚಿಕೊಳ್ಳುತ್ತದೆ. ಬೋಲ್ಟಿನ ಎಳೆಗಳಿಗೆ ಚೂರೇ ಚೂರು ಆಂಟಿಸೀಜ್ (ಬೋಲ್ಟ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟು) ಹಚ್ಚಿ. ಎಳೆ ನುಣುಪಾದರೆ ಅದೇ ಬಲಕ್ಕೆ ಬೋಲ್ಟು ಜಾಸ್ತಿ ಬಿಗಿಯುತ್ತದೆ, ಹಾಗಾಗಿ ಕೈ ಇನ್ನೂ ಹಗುರ ಇರಲಿ. ರಬ್ಬರಿಗೆ ಗ್ರೀಸ್, ಇಂಜಿನ್ ಆಯಿಲ್ ಮುಟ್ಟಿಸಬೇಡಿ, ಉಬ್ಬುತ್ತದೆ.

ಬಿಚ್ಚುವಾಗಲೂ ಎಡ ಬಲ ಅರ್ಧರ್ಧ ಸುತ್ತು, ಇಬ್ಬರು ಸೇರಿ ನೇರ ಮೇಲಕ್ಕೆ ಎತ್ತುವುದು. ನಾಲ್ಕು ಕಾಲಿಗೂ ಮುಂದೆ ಎಡ, ಮುಂದೆ ಬಲ ಅಂತ ಟೇಪ್ ಅಂಟಿಸಿ ಬರೆದು, ಅಲೆನ್ ಕೀ ಮತ್ತು ಅಳತೆಯ ಹಾಳೆಯನ್ನು ಅದೇ ಚೀಲದಲ್ಲಿ ಹಾಕಿ ಅಟ್ಟದ ಮೇಲೆ ಇಡಿ.